ದಿಂಬಿನ ಮೇಲಿನ ಕೇಸರಿ ಹುಡಿ

ಸೋಮವಾರ ನಮ್ಮ ಮನೆಯಲ್ಲಿ ಹಾಸಿಗೆಯ ಬಟ್ಟೆ ಬದಲಾಗುತ್ತದೆ. ಯಾರು ಬಂದರೂ, ಯಾರು ಹೋದರೂ ಬದಲಾಗುತ್ತದೆ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಬದುಕಿನ ಬಹುಭಾಗ ಕಳೆದವಳು ನಾನು. ಗಂಟೆ ಹೊಡೆದು ಎಬ್ಬಿಸಿ, ಗಂಟೆ ಹೊಡೆದು ಉಣ್ಣಿಸಿ, ಗಂಟೆ ಹೊಡೆದು ದೀಪ ಆರಿಸಿ ಅಭ್ಯಾಸ. ನಿವೃತ್ತಿಯಾಗಿ ಕೊಪ್ಪದಲ್ಲಿ ಈ ಮಹಡಿಯ ಮನೆ ಬಾಡಿಗೆಗೆ ಹಿಡಿದ ಮೇಲೆ ಗಂಟೆಯಿಲ್ಲ, ಆದರೆ ಅದರ ಹೊಡೆತ ನನ್ನೊಳಗೆ ನಿಂತಿಲ್ಲ. ಅಕ್ಕ ಇದನ್ನು ಹಾಸ್ಯ ಮಾಡುತ್ತಾಳೆ. "ನೀನು ಸತ್ತರೂ ಸೋಮವಾರ ಎದ್ದು ದಿಂಬಿನ ಗವಸು ಬದಲಿಸಿ ಮತ್ತೆ ಮಲಗುತ್ತೀಯ ಮಾರಾಯ್ತಿ" ಎನ್ನುತ್ತಾಳೆ.

ಒಂದು ಸೋಮವಾರ ಆ ಗವಸು ಬದಲಿಸಲು ನಾನು ದಿಂಬನ್ನು ಎತ್ತದೆ ಇದ್ದಿದ್ದರೆ ಒಂದು ಜೀವ ಆ ವಾರವೇ ಹೋಗುತ್ತಿತ್ತು. ಅದನ್ನು ಬರೆಯಲು ಕುಳಿತಿದ್ದೇನೆ.

ಮನೆಯಲ್ಲಿರುವುದು ನಾನು, ಅಕ್ಕ ಮತ್ತು ಅಕ್ಕನ ಬೆಕ್ಕು. ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆ ಇರಲು ಬಂದಳು. ಆಗಲೇ ಅವಳ ಕಿವಿ ಮಂದವಾಗಿತ್ತು. ಎದುರು ನಿಂತು ಮಾತಾಡಿದರೆ ಕೇಳಿಸುತ್ತದೆ. ಬಾಗಿಲು ತಟ್ಟಿದ್ದು, ಕುಕ್ಕರ್ ಕೂಗಿದ್ದು, ಹಿಂದಿನಿಂದ ಕರೆದದ್ದು ಕೇಳಿಸುವುದಿಲ್ಲ. ಮಷೀನು ಹಾಕಿಸಿದೆವು. ತಲೆಯೊಳಗೆ ಜೇನು ಕಟ್ಟಿದ ಹಾಗಾಗುತ್ತದೆ ಎಂದು ತೆಗೆದು ಡಬ್ಬಿಯಲ್ಲಿಟ್ಟಳು. ಆಮೇಲೆ ಈ ಬೆಕ್ಕು ಬಂತು. ಬಿಳಿ ಮೈ, ಬಾಲ ಮಾತ್ರ ಬೂದಿ ಬಣ್ಣ. ಕೆಲವೇ ತಿಂಗಳಲ್ಲಿ ಅಕ್ಕ ಅದರ ಕಿವಿಯನ್ನು ನೋಡಿ ಲೋಕ ಕೇಳಿಸಿಕೊಳ್ಳಲು ಕಲಿತಳು. ಬೆಕ್ಕಿನ ಎರಡೂ ಕಿವಿ ಮೆಟ್ಟಿಲ ಕಡೆ ತಿರುಗಿದರೆ ಯಾರೋ ಬರುತ್ತಿದ್ದಾರೆ. ಹಿಂದಕ್ಕೆ ಮಡಿಚಿಕೊಂಡರೆ ಬೀದಿನಾಯಿ. ಅಡುಗೆಮನೆಯ ಕಡೆ ಒಂದೇ ಕಿವಿ ತಿರುಗಿದರೆ ಹಾಲು ಉಕ್ಕುವ ಹೊತ್ತು. ನಾನು ಪೇಟೆಗೆ ಹೋದಾಗ ಅಕ್ಕ ಒಬ್ಬಳೇ ಧೈರ್ಯವಾಗಿ ಇರುತ್ತಿದ್ದುದು ಆ ಎರಡು ಕಿವಿಗಳ ಭರವಸೆಯ ಮೇಲೆ. ಅದನ್ನು ಅವಳು ಕರೆಯುವುದು ಕೂಸು ಎಂದು. ನಾನು ಬೆಕ್ಕು ಎಂದೇ ಕರೆಯುತ್ತೇನೆ.

ಕೆಳಗಿನ ಮನೆಯಲ್ಲಿ ಯಜಮಾನ್ತಿ ಇದ್ದಾರೆ. ಮನೆಯೂ ಅವರದೇ, ಜೀಪೂ ಅವರದೇ, ಊರಿನಲ್ಲಿ ಎಲ್ಲರೂ ಎರಡನೆಯ ಸಲ ತಿರುಗಿ ನೋಡುವ ಹೂವಿನ ಕುಂಡಗಳೂ ಅವರವೇ. ನಮಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವರು. ಅಕ್ಕನನ್ನು ದೊಡ್ಡಕ್ಕ ಎಂದೂ ನನ್ನನ್ನು ಸಣ್ಣಕ್ಕ ಎಂದೂ ಕರೆಯುತ್ತಾರೆ. ಹಿಂದಿನ ವರ್ಷ ಊಟಿಗೆ ಹೋದವರು ಅಲ್ಲಿಂದ ಲಿಲ್ಲಿಯ ಗೆಡ್ಡೆ ತಂದಿದ್ದರು. ನಮ್ಮ ಕಡೆಯ ಅಂಗಳಗಳಲ್ಲಿ ಮಳೆ ಬಿದ್ದೊಡನೆ ತಾನಾಗಿ ಏಳುವ ಜಾತಿಯಲ್ಲ. ಬೊಗಸೆಯಷ್ಟು ದೊಡ್ಡ ಬಿಳಿ ಹೂವು, ನಡುವೆ ಆರು ಕೇಸರ, ಕೇಸರದ ತುದಿಯಲ್ಲಿ ಇಟ್ಟಿಗೆಪುಡಿಯಂಥ ಹುಡಿ. ಒಂದು ಹೂವು ಅರಳಿದರೆ ಓಣಿಗೆಲ್ಲ ಪರಿಮಳ.

ಇಲ್ಲಿ ನಮ್ಮ ಹೆಂಗಸರ ಒಂದು ಪದ್ಧತಿಯನ್ನು ಹೇಳಬೇಕು. ಗಿಡವನ್ನು ಕೇಳಿ ತಂದರೆ ಚೆನ್ನಾಗಿ ಬರುವುದಿಲ್ಲ, ಹೇಳದೆ ತಂದರೆ ಹಟ ಹಿಡಿದು ಬೆಳೆಯುತ್ತದೆ ಎಂಬ ನಂಬಿಕೆ ಕೊಪ್ಪದಲ್ಲೂ ಇದೆ, ಜಯಪುರದಲ್ಲೂ ಇದೆ, ಕಿಗ್ಗದ ಕಡೆಯಂತೂ ಬಹಳ. ಪೂಜೆಗೆ ಹೋದವರು, ಸೀಮಂತಕ್ಕೆ ಹೋದವರು, ಸಾವಿನ ಮನೆಗೆ ಮಾತಾಡಿಸಲು ಹೋದವರೂ ಬರುವಾಗ ಒಂದು ತುಂಡು ಕಡ್ಡಿಯನ್ನೋ ಒಂದು ಗೆಡ್ಡೆಯನ್ನೋ ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಾರೆ. ಮನೆಯವರು ಕಂಡರೂ ಕಾಣದ ಹಾಗೆ ಆ ಕಡೆ ತಿರುಗಿ ಮಾತಾಡುತ್ತಿರಬೇಕು. ತಂದವರು ಅದನ್ನು ಆ ಮನೆಯವರ ಕಣ್ಣಿಗೆ ಬೀಳದಂತೆ ಬೆಳೆಸಬೇಕು. ಹೂ ಬಿಟ್ಟ ಮೇಲೆ ಒಂದು ಹೂವನ್ನು ಆ ಮನೆಗೆ ಒಯ್ದು ಕೊಟ್ಟರೆ ಮುಗಿಯಿತು, ಬೇರೆ ಮಾತಿಲ್ಲ. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಆದರೆ ಹೂವಿಗೆ ಮುಂಚೆ ಬಯಲಾದರೆ ಮಾತ್ರ ಅದು ಕಳ್ಳತನವೇ.

ಚಳಿಗಾಲದ ಕೊನೆಯಲ್ಲಿ ಯಜಮಾನ್ತಿ ಕುಂಡ ಬದಲಿಸುವಾಗ ಅಕ್ಕ ಸಹಾಯಕ್ಕೆ ಹೋಗಿದ್ದಳು. ಮೇಲೆ ಬಂದವಳು ಸೊಂಟದಿಂದ ಒಂದು ಗೆಡ್ಡೆ ತೆಗೆದು ನನಗೆ ತೋರಿಸಿ ಹಲ್ಲುಬಿಟ್ಟು ನಕ್ಕಳು. "ಕೇಳಿದ್ದರೆ ಕೊಡುತ್ತಿರಲಿಲ್ಲವಾ?" ಎಂದೆ.

"ಕೊಡುತ್ತಿದ್ದಳು. ಆಮೇಲೆ ಅದು ಕೊಳೆಯುತ್ತಿತ್ತು."

ಬೇರೆ ಗಿಡವಾಗಿದ್ದರೆ ಬಿಸಿಲುಮಚ್ಚಿನ ಮೇಲೆ ಇಡುತ್ತಿದ್ದೆವು. ಆದರೆ ಬಿಸಿಲುಮಚ್ಚಿಗೆ ಯಜಮಾನ್ತಿ ದಿನವೂ ಬಟ್ಟೆ ಒಣಗಿಸಲು ಬರುತ್ತಾರೆ. ಹೊರಗಿನ ಕೋಣೆಗೆ ಹಾಲು ಕೊಡಲು ಬರುತ್ತಾರೆ. ಅವರು ಕಾಲಿಡದ ಜಾಗ ಒಂದೇ, ಅಕ್ಕ ಮಲಗುವ ಕೋಣೆ. ಹಿತ್ತಿಲಿನ ಕಡೆಯ ಕಿಟಕಿಯ ಕಟ್ಟೆಯ ಮೇಲೆ, ದಿಂಬಿನ ನೇರಕ್ಕೆ, ಅಕ್ಕ ಕುಂಡ ಇಟ್ಟಳು. ಹೀಗೆ ಅಂಗಳದಲ್ಲಿರಬೇಕಾದ ಗಿಡ ಮನೆಯೊಳಗಿನ ಗಿಡವಾಯಿತು. ಆ ದಿಂಬಿನ ಮೇಲೆ ಹಗಲೆಲ್ಲ ಮಲಗುವುದು ಬೆಕ್ಕು.

ಗಿಡ ನಿಜಕ್ಕೂ ಹಟ ಹಿಡಿದು ಬೆಳೆಯಿತು. ಬೇಸಿಗೆಯ ಒಂದು ಶನಿವಾರ ಮೊದಲ ಹೂವು ಅರಳಿತು. ಅಕ್ಕನಿಗೆ ಸಂಭ್ರಮ. ಎರಡನೆಯದು ಅರಳಲಿ, ಶುಕ್ರವಾರ ಕೆಳಗೆ ಒಯ್ದು ಕೊಡುತ್ತೇನೆ ಎಂದಳು. ಭಾನುವಾರ ಸಂಜೆ ಬೆಕ್ಕು ನನ್ನ ಕಾಲಿಗೆ ಮೈ ಉಜ್ಜಲು ಬಂದಾಗ ಅದರ ಹಣೆಯ ಮೇಲೆ ಕೇಸರಿ ಬಣ್ಣದ ಗೀರು ಕಂಡಿತು.

"ಬೆಕ್ಕಿಗೂ ಅರಿಸಿನ ಕುಂಕುಮ ಶುರು ಮಾಡಿದೆಯಾ?" ಎಂದೆ.

"ನಾನೆಲ್ಲಿ ಹಚ್ಚಿದೆ? ಎಲ್ಲೋ ಹೋಗಿ ಯಾರದೋ ಹೊಸ್ತಿಲಿಗೆ ತಲೆ ಉಜ್ಜಿಕೊಂಡು ಬಂದಿದೆ, ಪುಣ್ಯವಂತ ಕೂಸು."

ಇಬ್ಬರೂ ನಕ್ಕೆವು. ಬೆಕ್ಕು ಅಲ್ಲೇ ಕುಳಿತು ಮುಂಗಾಲನ್ನು ನೆಕ್ಕಿ ಹಣೆ ಒರೆಸಿಕೊಳ್ಳತೊಡಗಿತು. ನೆಕ್ಕುವುದು, ಒರೆಸುವುದು, ಮತ್ತೆ ನೆಕ್ಕುವುದು. ಅದರ ಶುಚಿತನವನ್ನು ನಾನು ಯಾವಾಗಲೂ ಮೆಚ್ಚುತ್ತಿದ್ದೆ. ಹಾಸ್ಟೆಲಿನ ಎಷ್ಟೋ ಹುಡುಗಿಯರಿಗಿಂತ ಮೇಲು ಎಂದು ಅವತ್ತೂ ಅಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಹಣೆ ಮತ್ತೆ ಬೆಳ್ಳಗಾಯಿತು.

ಮರುದಿನ ಸೋಮವಾರ ಹಲ್ಲಿನ ಡಾಕ್ಟರನ್ನು ನೋಡಲು ಶೃಂಗೇರಿಗೆ ಹೋಗಬೇಕಿತ್ತು. ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಹಾಸಿಗೆಯ ಬಟ್ಟೆ ಮಧ್ಯಾಹ್ನಕ್ಕೆ ಉಳಿಯಿತು. ಹೊರಡುವಾಗ ಬೆಕ್ಕು ಬಾಗಿಲವರೆಗೆ ಬರಲಿಲ್ಲ. ಗಮನಿಸಿದೆ, ಆದರೆ ನಿಲ್ಲಲು ಹೊತ್ತಿರಲಿಲ್ಲ.

ಜಯಪುರದ ಮೇಲೆ ಬರುವ ಬಸ್ಸಿನಲ್ಲಿ ನಾನು ವಾಪಸಾದಾಗ ಅಕ್ಕ ಮೆಟ್ಟಿಲ ತುದಿಯಲ್ಲಿ ಕುಳಿತಿದ್ದಳು. ಒಂದೇ ಉಸಿರಿಗೆ ಹೇಳಿದಳು. ನಾನು ಹೋದ ಮೇಲೆ ಬೆಕ್ಕು ಮೂರು ನಾಲ್ಕು ಸಲ ವಾಂತಿ ಮಾಡಿತಂತೆ. ನೊರೆ, ನೊರೆಯಲ್ಲಿ ಹಸಿರು ಚೂರು. ಇವಳು ಕೆಳಗೆ ಓಡಿದಳಂತೆ. ಯಜಮಾನ್ತಿ ಒಲೆಯ ಮೇಲಿದ್ದದ್ದನ್ನು ಇಳಿಸಿ ಜೀಪು ತೆಗೆದು ಇಬ್ಬರನ್ನೂ ದನದ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಅಲ್ಲಿ ಹೊಸದಾಗಿ ಬಂದ ಡಾಕ್ಟರು, ಚಿಕ್ಕ ಪ್ರಾಯದ ಹುಡುಗಿ, ಹಲ್ಲಿ ಗಿಲ್ಲಿ ತಿಂದಿರಬಹುದು ಎಂದು ಇಂಜೆಕ್ಷನ್ ಕೊಟ್ಟು, ಮತ್ತೆ ವಾಂತಿಯಾದರೆ ಫೋನ್ ಮಾಡಿ ಎಂದು ನಂಬರು ಬರೆದುಕೊಟ್ಟು ಕಳಿಸಿದ್ದರು.

"ಈಗ ವಾಂತಿ ನಿಂತಿದೆ. ಹಾಲು ಅನ್ನ ಒಂದಿಷ್ಟು ನೆಕ್ಕಿತು. ದೃಷ್ಟಿಯಾಗಿತ್ತು ಕೂಸಿಗೆ" ಎಂದಳು ಅಕ್ಕ. ಮುಖದಲ್ಲಿ ದೊಡ್ಡ ಗಂಡಾಂತರ ಕಳೆದ ನಿರಾಳ.

ಬೆಕ್ಕು ಹೊರಗಿನ ಕೋಣೆಯ ಕುರ್ಚಿಯ ಮೇಲೆ ಕಾಲು ಮಡಿಚಿಕೊಂಡು ಕುಳಿತಿತ್ತು. ಕಣ್ಣು ತೆರೆದೇ ಇತ್ತು. ಆಗ ಬೀದಿಯಲ್ಲಿ ಗ್ಯಾಸಿನ ಗಾಡಿ ಹಾರ್ನ್ ಹೊಡೆಯುತ್ತಾ ಬಂತು. ಪ್ರತಿ ಸಲ ಅದಕ್ಕೆ ಬೆಕ್ಕು ಎದ್ದು ನಿಲ್ಲುತ್ತದೆ, ಅಕ್ಕ ಸಿಲಿಂಡರ್ ಉರುಳಿಸಲು ಏಳುತ್ತಾಳೆ. ಗಾಡಿ ನಮ್ಮ ಮನೆಯ ಮುಂದೆಯೇ ಹಾರ್ನ್ ಹೊಡೆದು ಮುಂದೆ ಹೋಯಿತು. ಬೆಕ್ಕಿನ ಕಿವಿ ಒಂದಿಷ್ಟೂ ತಿರುಗಲಿಲ್ಲ. ಅಕ್ಕನೂ ತಿರುಗಲಿಲ್ಲ. ನಿರಾಳವಾಗಿ ನಗುತ್ತಾ ನನಗೆ ಮಜ್ಜಿಗೆ ಬೆರೆಸುತ್ತಿದ್ದಳು.

ಏನು ಮಾಡಬೇಕೆಂದು ತೋಚದಾಗ ನಾನು ಬಾಕಿಯಿರುವ ಕೆಲಸ ಮಾಡುತ್ತೇನೆ. ಅಕ್ಕನ ಕೋಣೆಗೆ ಹೋಗಿ ಹಾಸಿಗೆಯ ಬಟ್ಟೆ ಎಳೆದೆ. ದಿಂಬು ಎತ್ತಿದೆ. ಗವಸಿನ ಮೇಲೆ ಕೇಸರಿ ಹುಡಿ. ಒಂದು ಕಡೆ ಚೆಲ್ಲಿದ ಹಾಗೆ, ಇನ್ನೊಂದು ಕಡೆ ಸಣ್ಣ ಪಾದದ ಅಚ್ಚು. ಬೆರಳಿನಿಂದ ಕೊಡವಿದೆ, ಹೋಗಲಿಲ್ಲ, ಹರಡಿತು. ತಲೆ ಎತ್ತಿದರೆ ಸರಿಯಾಗಿ ಮೇಲೆ ಆ ಬಿಳಿ ಹೂವು ದಿಂಬಿನ ಕಡೆಗೆ ಬಗ್ಗಿಕೊಂಡಿತ್ತು. ಕೆಳಗಿನ ಎರಡು ಎಲೆಗಳ ತುದಿ ಇರಲಿಲ್ಲ. ಕತ್ತರಿಸಿದ್ದಲ್ಲ, ಸಣ್ಣ ಹಲ್ಲಿನಲ್ಲಿ ಜಗಿದದ್ದು.

ಗವಸನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ಅಕ್ಕನ ಎದುರು ನಿಂತೆ.

"ಡಾಕ್ಟರು ಗಿಡದ ವಿಷಯ ಏನಾದರೂ ಕೇಳಿದರಾ?"

ಅಕ್ಕ ಮಜ್ಜಿಗೆಯ ಲೋಟ ಕೆಳಗಿಟ್ಟಳು.

"ಕೇಳಿದರಾ, ಇಲ್ಲವಾ?"

"ಕೇಳಿದರು. ಮನೆಯೊಳಗೆ ಹೂವಿನ ಗಿಡ ಇದೆಯಾ, ಲಿಲ್ಲಿ ಇದೆಯಾ ಅಂತ."

"ನಿನಗೆ ಸರಿಯಾಗಿ ಕೇಳಿಸಿತಾ?"

"ಕೇಳಿಸಿತು. ಎದುರಿಗೇ ನಿಂತು ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲ ಅಂದೆ."

"ಯಾಕೆ?"

"ಪಕ್ಕದಲ್ಲಿ ಯಜಮಾನ್ತಿ ಕೂತಿದ್ದಳಲ್ಲ."

ನಾನು ಬೈಯಲಿಲ್ಲ. ಅವಳ ಕಣ್ಣು ಬೆಕ್ಕಿನ ಕಿವಿಯ ಮೇಲೆ ಹೋಗಿ ನಿಂತದ್ದನ್ನು ನೋಡಿದೆ. ಗ್ಯಾಸಿನ ಗಾಡಿ ಓಣಿಯ ಕೊನೆಯಿಂದ ತಿರುಗಿ ಮತ್ತೆ ಬರುತ್ತಿತ್ತು. ಅದು ಕಿಟಕಿಯಲ್ಲಿ ಕಾಣುವವರೆಗೆ ಅವಳಿಗೆ ಗೊತ್ತಾಗಲಿಲ್ಲ. ಕಂಡ ಮೇಲೆ ಬೆಕ್ಕನ್ನು ನೋಡಿದಳು, ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಫೋನ್ ಮಾಡು" ಎಂದಳು.

ಡಾಕ್ಟರು ಫೋನಿನಲ್ಲಿ ಹೂವು ಹೇಗಿದೆ ಎಂದು ಕೇಳಿದರು. ಹೇಳಿದೆ. ಎಲೆ ಹೇಗಿದೆ ಎಂದು ಕೇಳಿದರು. ಹೇಳಿದೆ. ಆ ಕಡೆಯಿಂದ ದನ ಕೂಗುವುದೂ ಕೇಳಿಸುತ್ತಿತ್ತು.

"ಬೆಳಿಗ್ಗೆ ಕೇಳಿದೆನಲ್ಲ ಅಮ್ಮಾ."

"ಕೇಳಿದ್ದೀರಿ. ಇಲ್ಲ ಅಂದದ್ದು ನಮ್ಮ ತಪ್ಪು. ಆದರೆ ಈಗ ವಾಂತಿ ನಿಂತಿದೆ ಡಾಕ್ಟ್ರೇ, ಹಾಲನ್ನವನ್ನೂ ನೆಕ್ಕಿತಂತೆ."

"ಅದೇ ಹೆದರಿಕೆ. ನಡುವೆ ಒಂದಷ್ಟು ಹೊತ್ತು ಹುಷಾರಾದ ಹಾಗೆ ಕಾಣುತ್ತದೆ. ಮನೆಯವರು ಸಮಾಧಾನದಲ್ಲಿ ಇರುತ್ತಾರೆ. ಒಳಗೆ ಕಿಡ್ನಿ ಸಾಯುತ್ತಾ ಇರುತ್ತದೆ. ಮೂತ್ರ ಹೋಯಿತಾ ಇವತ್ತು?"

ಅಕ್ಕನನ್ನು ಕೇಳಿದೆ. ಅವಳು ತಲೆಯಾಡಿಸಿದಳು, ಇಲ್ಲ.

"ಎಲೆಯೇ ತಿನ್ನಬೇಕೆಂದಿಲ್ಲ. ಮೈಗೆ ಅಂಟಿದ ಆ ಹುಡಿಯನ್ನು ನೆಕ್ಕಿದರೆ ಸಾಕು. ಕುಂಡದ ತಟ್ಟೆಯ ನೀರು ಕುಡಿದರೂ ಸಾಕು. ಇದಕ್ಕೆ ಎದುರು ಮದ್ದು ಅಂತ ಇಲ್ಲ. ಡ್ರಿಪ್ ಹಾಕಿ ತೊಳೆಯಬೇಕು, ಅದೂ ಬೇಗ. ನಾನು ನರಸಿಂಹರಾಜಪುರದ ರಸ್ತೆಯಲ್ಲಿ ದನಗಳ ಲಸಿಕೆ ಕ್ಯಾಂಪಿನಲ್ಲಿದ್ದೇನೆ. ಸಂಜೆ ನಾನು ಬರುವವರೆಗೆ ಕಾಯಬೇಡಿ, ಇಲ್ಲಿಗೇ ತನ್ನಿ. ಅದಕ್ಕೆ ಮುಂಚೆ ಒದ್ದೆ ಬಟ್ಟೆಯಿಂದ ಮೈಯೆಲ್ಲ ಒರೆಸಿ. ಇನ್ನು ಒಂದು ಸಲವೂ ನೆಕ್ಕಲು ಬಿಡಬೇಡಿ."

ಹಗಲಿನ ಆ ಹೊತ್ತಿನಲ್ಲಿ ಆಟೋದವರು ಊಟಕ್ಕೆ ಹೋಗಿರುತ್ತಾರೆ. ಜೀಪಿಗೆ ಕೆಳಗೆ ಹೋಗಲೇಬೇಕು, ಕೆಳಗೆ ಹೋದರೆ ಹೇಳಲೇಬೇಕು. ನಾನು ಹೇಳುತ್ತೇನೆ ಎಂದೆ. ಅಕ್ಕ ಬೇಡ ಎಂದಳು. ಬೆಕ್ಕನ್ನು ಒದ್ದೆ ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಮುಂದೆ ಇಳಿದಳು. ಬೆಕ್ಕು ಸುಮ್ಮನೆ ಸುತ್ತಿಸಿಕೊಂಡಿತು. ಬೇರೆ ದಿನವಾಗಿದ್ದರೆ ನಮ್ಮಿಬ್ಬರ ಕೈಯೂ ಗೀರಿಹೋಗುತ್ತಿತ್ತು.

ಯಜಮಾನ್ತಿ ಅಂಗಳದಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಹರಡುತ್ತಿದ್ದರು.

"ಮತ್ತೆ ವಾಂತಿಯಾ ದೊಡ್ಡಕ್ಕ?"

ಅಕ್ಕ ಚಾಪೆಯ ಅಂಚಿನಲ್ಲಿ ನಿಂತು ಹೇಳಿದಳು. ಕಿವಿ ಮಂದವಾದವರ ಹಾಗೆ ಗಟ್ಟಿಯಾಗಿ, ಆಚೆಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. "ಕುಂಡ ಬದಲಿಸಲು ಬಂದ ದಿನ ನಿನ್ನ ಲಿಲ್ಲಿಯ ಗೆಡ್ಡೆ ಒಂದು ತಗೊಂಡೆ. ಕೇಳದೆ ತಗೊಂಡೆ. ನನ್ನ ಕೋಣೆಯಲ್ಲಿದೆ. ಕೂಸು ಅದನ್ನು ತಿಂದಿದೆ."

ಯಜಮಾನ್ತಿ ಕೈಗೆ ಅಂಟಿದ ಹಿಟ್ಟನ್ನು ನಿಧಾನವಾಗಿ ಉಜ್ಜಿಕೊಂಡರು.

"ಗೊತ್ತು ದೊಡ್ಡಕ್ಕ."

"ಎಂತ ಗೊತ್ತು?"

"ಕಟ್ಟಿಗೆ ತರಲು ಹಿತ್ತಿಲಿಗೆ ಹೋದಾಗೆಲ್ಲ ನಿಮ್ಮ ಕಿಟಕಿ ಕಾಣುತ್ತದೆ. ಮೊಗ್ಗು ಬಂದದ್ದನ್ನು ನಿಮಗಿಂತ ಮೊದಲು ನಾನೇ ನೋಡಿರಬೇಕು. ಶುಕ್ರವಾರ ಹೂ ತರುತ್ತೇನೆ ಅಂದದ್ದು ಕೆಳಗೂ ಕೇಳಿಸಿ, ಪಾಯಸಕ್ಕೆ ಗೋಡಂಬಿಯನ್ನೂ ತಂದಿಟ್ಟಿದ್ದೇನೆ."

ನಾನು ತಡೆಯಲಾರದೆ ಕೇಳಿದೆ: "ಹಾಗಾದರೆ ಬೆಳಿಗ್ಗೆ ಡಾಕ್ಟರು ಕೇಳಿದಾಗ?"

ಅವರು ನನ್ನ ಕಡೆ ತಿರುಗಿದರು. ಮುಖ ಬಿಳಿಚಿಕೊಂಡಿತ್ತು. "ಹಿರಿಯರು ಇಲ್ಲ ಅಂದ ಮೇಲೆ ನಾನು ಇದೆ ಅನ್ನಲಾ ಸಣ್ಣಕ್ಕ? ಬೇರೆಯವರ ಎದುರಿಗೆ? ಹೂವಿನ ಗಿಡಕ್ಕೆ ಅಷ್ಟು ವಿಷ ಇರುತ್ತದೆ ಅಂತ ನನಗೇನು ಗೊತ್ತು?" ಎಂದು ಜೀಪಿನ ಕೀ ತರಲು ಒಳಗೆ ಓಡಿದರು. ಹಪ್ಪಳ ಹಾಗೇ ಬಿಸಿಲಲ್ಲಿ ಉಳಿಯಿತು. ಕಾಗೆ ತಿಂದವು ಎಂದು ಆಮೇಲೆ ತಿಳಿಯಿತು.

ಆ ದಾರಿ ನನಗೆ ಹೊಸದಲ್ಲ. ಆದರೆ ಅವತ್ತು ಅದು ಮುಗಿಯಲಿಲ್ಲ. ಯಜಮಾನ್ತಿ ಜೋರಾಗಿ ಓಡಿಸಿದರು. ಬೆಕ್ಕು ನನ್ನ ತೊಡೆಯ ಮೇಲಿತ್ತು. ಅದು ನಾಲಿಗೆ ಹೊರಗೆ ಚಾಚಿದಾಗಲೆಲ್ಲ ಅಕ್ಕ ಅದರ ಬಾಯಿಗೆ ಬೆರಳು ಅಡ್ಡ ಇಡುತ್ತಿದ್ದಳು. ಅದು ಅವಳ ಬೆರಳನ್ನು ನೆಕ್ಕುತ್ತಿತ್ತು. ಅವಳು ಬೆರಳನ್ನು ಸೀರೆಗೆ ಒರೆಸಿ ಮತ್ತೆ ಇಡುತ್ತಿದ್ದಳು. ಎದುರಿನಿಂದ ಬಂದ ಲಾರಿ ಕಿವಿ ಒಡೆಯುವಂತೆ ಹಾರ್ನ್ ಹೊಡೆಯಿತು. ನಾನು ಬೆಕ್ಕಿನ ಕಿವಿಯನ್ನೇ ನೋಡುತ್ತಿದ್ದೆ. ಒಂದು ಕಿವಿ ತುಸು ನಡುಗಿತು, ಅಷ್ಟೇ.

ಕ್ಯಾಂಪು ಒಂದು ಶಾಲೆಯ ಮೈದಾನದಲ್ಲಿತ್ತು. ಸಾಲಾಗಿ ಕಟ್ಟಿದ ದನಗಳು, ಅವುಗಳ ಹಿಂದೆ ಹಗ್ಗ ಹಿಡಿದವರು. ಡಾಕ್ಟರು ಜೀಪಿನ ಹಿಂದಿನ ಸೀಟಿನಲ್ಲೇ ಬೆಕ್ಕನ್ನು ಮಲಗಿಸಿ, ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದರು. ಬಾಟಲಿಯನ್ನು ಜೀಪಿನ ಮೇಲ್ಛಾವಣಿಯ ಕಂಬಿಗೆ ಕಟ್ಟಿದರು. ಸುತ್ತ ಜನ ಸೇರಿದರು.

"ಬೆಕ್ಕಿಗೂ ಗ್ಲೂಕೋಸಾ ಮಾರಾಯ್ರೆ! ನಮ್ಮ ಎತ್ತಿಗೆ ಕೇಳಿದರೆ ಸ್ಟಾಕ್ ಇಲ್ಲ ಅಂದಿದ್ದರು."

"ನಿಮ್ಮ ಎತ್ತು ಜೀಪಿನಲ್ಲಿ ಬರಲಿಲ್ಲವಲ್ಲ, ಅದಕ್ಕೆ."

ನಗು ಎದ್ದಿತು. ಅಕ್ಕನಿಗೆ ಕೇಳಿಸಿರಲಾರದು. ಕೇಳಿಸಿದ್ದರೂ ಅವಳ ಗಮನ ಹನಿಹನಿಯಾಗಿ ಬೀಳುವ ನೀರಿನ ಮೇಲಿತ್ತು.

"ಉಳಿಯುತ್ತದಾ?" ಎಂದು ಯಜಮಾನ್ತಿ ಕೇಳಿದರು.

ಡಾಕ್ಟರು ಹನಿಯ ವೇಗ ಸರಿಮಾಡಿದರು. "ಬೆಳಿಗ್ಗೆಯೇ ಹಾಕಿದ್ದರೆ ಧೈರ್ಯವಾಗಿ ಹೇಳುತ್ತಿದ್ದೆ. ಈಗ ಮೂತ್ರ ಹೋಗುವುದನ್ನು ಕಾಯಬೇಕು. ಹೋದರೆ ಕಿಡ್ನಿ ಕೆಲಸ ಮಾಡುತ್ತಿದೆ ಅಂತ. ಹೋಗದಿದ್ದರೆ ನಾವು ಹಾಕುವ ನೀರೇ ಅದರ ಮೈಯಲ್ಲಿ ತುಂಬಿಕೊಳ್ಳುತ್ತದೆ."

ಹಗಲು ಆಸ್ಪತ್ರೆಯಲ್ಲಿ, ಸಂಜೆಯ ಮೇಲೆ ನಮ್ಮ ಹೊರಗಿನ ಕೋಣೆಯಲ್ಲಿ ಸೊಳ್ಳೆಪರದೆಯ ಕೊಕ್ಕೆಗೆ ಬಾಟಲಿ ತೂಗುಹಾಕಿ, ಹೀಗೆ ನಡೆಯಿತು. ನನ್ನ ದಿನಚರಿ ಪೂರ್ತಿ ಹಾಳಾಯಿತು ಎಂದು ಆಗ ಗಮನಕ್ಕೂ ಬರಲಿಲ್ಲ. ಮರಳು ತುಂಬಿದ ಬೋಗುಣಿಯನ್ನು ಬೆಕ್ಕಿನ ಪಕ್ಕದಲ್ಲಿಟ್ಟಿದ್ದೆವು. ಪ್ರತಿ ಸಲ ಹೋಗಿ ನೋಡಿದಾಗಲೂ ಮರಳು ಒಣಗಿಯೇ ಇರುತ್ತಿತ್ತು. ನಾನು ಗೀಚಿ ಸಮ ಮಾಡಿದ ಗೆರೆಗಳೂ ಹಾಗೇ ಇರುತ್ತಿದ್ದವು. ಅಕ್ಕ ಊಟಕ್ಕೆ ಕುಳಿತು ಎರಡು ತುತ್ತಿಗೆ ಏಳುತ್ತಿದ್ದಳು. ಬಾಗಿಲು ಯಾರು ತಟ್ಟಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಹಾಲು ಉಕ್ಕಿ ಒಲೆ ಆರಿ, ಮನೆಯಲ್ಲಿ ಗ್ಯಾಸಿನ ವಾಸನೆ ತುಂಬಿತ್ತು. ನಾನು ಬಿಸಿಲುಮಚ್ಚಿನಿಂದ ಇಳಿದು ಬಂದಾಗ ಅವಳು ಬೆಕ್ಕಿನ ಮುಂದೆ ನೆಲದ ಮೇಲೆ ಕುಳಿತಿದ್ದಳು. ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ತೆರೆದೆ. ಅವಳನ್ನು ಇನ್ನು ಮೇಲೆ ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ ಎಂದು ಮೊದಲ ಸಲ ಯೋಚಿಸಿದೆ.

ಕೆಳಗೆ ಇನ್ನೊಂದು ಬಗೆಯ ಆತಂಕ ಶುರುವಾಗಿತ್ತು. ಅಕ್ಕನ ಕಿಟಕಿಯ ಗಿಡದ ಜೊತೆಗೆ ಯಜಮಾನ್ತಿ ತಮ್ಮ ಲಿಲ್ಲಿಗಳನ್ನೂ ಎಲ್ಲ ಕಿತ್ತು ಬಚ್ಚಲ ಒಲೆಗೆ ಹಾಕಿದರು. ಅಕ್ಕ ಬೇಡವೆಂದರೂ ಕೇಳಲಿಲ್ಲ. ಆಮೇಲೆ, ಯಾರು ಯಾರಿಗೆ ಗೆಡ್ಡೆ ಹೋಗಿದೆ ಎಂದು ನೆನಪು ಮಾಡಿಕೊಳ್ಳತೊಡಗಿದರು. ಕೊಟ್ಟದ್ದು ಜಯಪುರಕ್ಕೆ, ಕಿಗ್ಗಕ್ಕೆ, ಶೃಂಗೇರಿಯ ಎರಡು ಮನೆಗೆ. ಅವರಿಗೆಲ್ಲ ಫೋನ್ ಮಾಡಿದರು. ಒಬ್ಬಾಕೆ ನಕ್ಕದ್ದು ನನಗೂ ಕೇಳಿಸಿತು: "ನಮ್ಮ ಬೆಕ್ಕು ಅದರ ಬುಡದಲ್ಲೇ ಮಲಗುತ್ತದೆ ಮಾರಾಯ್ತಿ, ಏನೂ ಆಗಿಲ್ಲ. ನಿಮ್ಮ ಹೊಸ ಡಾಕ್ಟರಿಗೆ ಕೆಲಸ ಬೇಡವಾ?" ಫೋನ್ ಇಟ್ಟ ಮೇಲೆ ಯಜಮಾನ್ತಿ ಹೇಳಿದರು, "ಕೊಟ್ಟವರಿಗಾದರೂ ಹೇಳಬಹುದು ಸಣ್ಣಕ್ಕ. ಹೇಳದೆ ತಗೊಂಡು ಹೋದವರು ಇನ್ನೆಷ್ಟು ಜನವೋ. ಅವರು ಎಲ್ಲಿಟ್ಟಿರುತ್ತಾರೆ? ಒಳಕೋಣೆಯಲ್ಲೇ ಅಲ್ಲವಾ?"

 

ಡಾಕ್ಟರು ಒಂದು ಸಂಜೆ ಬಾಟಲಿ ಬದಲಿಸಲು ಬಂದವರು ಮನೆಯ ಗಿಡಗಳನ್ನೆಲ್ಲ ನೋಡಿದರು. ಬಾಟಲಿಯಲ್ಲಿದ್ದ ಮನಿ ಪ್ಲಾಂಟನ್ನು ತೋರಿಸಿ, ಇದನ್ನು ಕಚ್ಚಿದರೆ ಕೆಸುವಿನ ಹಾಗೆ ಬಾಯಿ ತುರಿಸಿ ಜೊಲ್ಲು ಸುರಿಯುತ್ತದೆ, ಎತ್ತರದಲ್ಲಿಡಿ ಎಂದರು. ಲೋಳೆಸರದ ಕುಂಡ ಬಿಸಿಲುಮಚ್ಚಿಗೆ ಹೋಯಿತು, ಅದು ಹೊಟ್ಟೆ ಕೆಡಿಸುತ್ತದಂತೆ. ತೂಗುಹಾಕಿದ್ದ, ಜೇಡನ ಕಾಲಿನಂತೆ ಮರಿ ಇಳಿಬಿಡುವ ಗಿಡ ಇರಲಿ ಎಂದರು. "ನಾಯಿಗೆ ಲಿಲ್ಲಿಯಿಂದ ಹೊಟ್ಟೆ ಕೆಡಬಹುದು, ಅಷ್ಟೇ. ಬೆಕ್ಕಿಗೆ ಮಾತ್ರ ಹೀಗೆ. ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ" ಎಂದರು. ಹೋಗುವ ಮುಂಚೆ ಮರಳಿನ ಬೋಗುಣಿಯಲ್ಲಿ ಬೆರಳಾಡಿಸಿ ನೋಡಿ, ಒಣ ಬೆರಳನ್ನು ಒರೆಸಿಕೊಂಡು ಚಪ್ಪಲಿ ಮೆಟ್ಟಿಕೊಂಡರು.

ಮರುದಿನ ಬೆಳಿಗ್ಗೆ ನಾನು ಇಸ್ತ್ರಿ ಮಾಡುತ್ತಿದ್ದೆ. ಕೈಗೆ ಕೆಲಸ ಬೇಕಿತ್ತು. ಸೋಮವಾರ ತೆಗೆದು ಆಮೇಲೆ ಒಗೆದ ಬಟ್ಟೆ ಮಡಿಚಿ ಮಂಚದ ಮೇಲೆ ಅಟ್ಟಿಯಾಗಿ ಇಟ್ಟಿದ್ದೆ. ಎಲ್ಲಕ್ಕೂ ಮೇಲೆ ಆ ಗವಸು, ಎಷ್ಟು ತಿಕ್ಕಿದರೂ ಕೇಸರಿ ಕಲೆ ಹೋಗದ ಗವಸು. ಸೂಜಿ ತೆಗೆದಿದ್ದ ಹೊತ್ತು. ಬೆಕ್ಕು ಕುರ್ಚಿಯಿಂದ ಇಳಿಯಿತು. ತೂರಾಡುತ್ತಾ ನಡೆದು, ಮರಳಿನ ಬೋಗುಣಿಯ ಪಕ್ಕದಲ್ಲೇ ಹಾದು, ಮಂಚ ಹತ್ತಲು ಎರಡು ಸಲ ಸೋತು ಮೂರನೆಯ ಸಲ ಹತ್ತಿತು. ನನ್ನ ಇಸ್ತ್ರಿ ಬಟ್ಟೆಯ ಅಟ್ಟಿಯ ಮೇಲೆ ಕುಳಿತಿತು. ಬಾಲ ನಡುಗಿತು. ಬಿಳಿ ಗವಸಿನ ಮೇಲೆ ಒದ್ದೆ ನಿಧಾನವಾಗಿ ಹರಡಿ, ಕೆಳಗಿನ ಹಾಸುಬಟ್ಟೆಗೂ ಇಳಿಯಿತು.

ಹಾಸ್ಟೆಲಿನಲ್ಲಿ ನಾನು ಹುಡುಗಿಯರಿಗೆ ಆ ಪದ ಬಳಸಲು ಬಿಟ್ಟವಳಲ್ಲ. ಅವತ್ತು ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದೇ ಅಡುಗೆಮನೆಗೆ ಓಡಿ ಅಕ್ಕನ ಮುಖದೆದುರು ನಿಂತು ಕೂಗಿದೆ: "ಉಚ್ಚೆ ಹೊಯ್ದಿತು ಅಕ್ಕಾ! ನನ್ನ ಇಸ್ತ್ರಿ ಬಟ್ಟೆಯ ಮೇಲೆ ಹೊಯ್ದಿತು!"

ಕೆಳಗಿನಿಂದ ಯಜಮಾನ್ತಿ ಕೂಗಿದರು, "ಎಷ್ಟು ಸಣ್ಣಕ್ಕ? ತುಂಬವಾ?"

"ತುಂಬ!" ಎಂದೆ. ಓಣಿಯವರೆಲ್ಲ ಕೇಳಿಸಿಕೊಂಡಿರಬೇಕು.

ಬೆಕ್ಕು ಉಳಿಯಿತು. ಅದಾದ ಶುಕ್ರವಾರ ಅಕ್ಕ ಕೈಯಲ್ಲಿ ಹೂವಿಲ್ಲದೆ ಕೆಳಗೆ ಹೋದಳು. ಆದರೂ ಪಾಯಸ ಆಗಿತ್ತು. ಈಗಲೂ ಅವಳು ಬೇರೆಯವರ ಮನೆಗೆ ಹೋದರೆ ಕುಂಡಗಳ ಮುಂದೆ ನಿಲ್ಲುತ್ತಾಳೆ, ಆದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಾಳೆ. ಬೇಕಾದರೆ ಗಿಡದ ಹೆಸರು ಕೇಳಿ, ಮನೆಯವರನ್ನೂ ಕೇಳಿಯೇ ತರುತ್ತಾಳೆ. ಹಾಗೆ ತಂದವು ಎಲ್ಲವೂ ಚೆನ್ನಾಗಿಯೇ ಬಂದಿವೆ ಎಂದು ಹೇಳಲಾರೆ.

ಬೆಕ್ಕಿನ ಕಿವಿ ಮತ್ತೆ ಮೆಟ್ಟಿಲ ಕಡೆ ತಿರುಗುತ್ತದೆ. ಗ್ಯಾಸಿನ ಗಾಡಿಗೆ ಎದ್ದು ನಿಲ್ಲುತ್ತದೆ. ಆದರೆ ಡಾ‌ಕ್ಟರು ಕೊನೆಯ ಸಲ ನೋಡಿದಾಗ ಒಂದು ಮಾತು ಹೇಳಿದ್ದರು: ಕಿಡ್ನಿ ಪೂರ್ತಿ ಮೊದಲಿನಂತಾಗಿಲ್ಲ, ಮುಂದೆ ಎಂದಾದರೂ ನೀರು ಕುಡಿಯುವುದು ಹೆಚ್ಚಾದರೆ ತಕ್ಷಣ ಕರೆದುಕೊಂಡು ಬನ್ನಿ. ಮೊದಲು ಹಾಲು ಕುಡಿದರೆ ಹೊರತು ನೀರನ್ನು ಮೂಸಿಯೂ ನೋಡದ ಬೆಕ್ಕು ಈಚೆಗೆ ನೀರಿನ ಬಟ್ಟಲ ಮುಂದೆ ಕೂತರೆ ಬೇಗ ಏಳುವುದಿಲ್ಲ. ಲಪಲಪ ಎಂದು ಒಂದೇ ಸಮನೆ ಕುಡಿಯುತ್ತದೆ. ನಿಲ್ಲಿಸುತ್ತದೆ, ಮತ್ತೆ ಕುಡಿಯುತ್ತದೆ. ಅಕ್ಕನಿಗೆ ಆ ಸದ್ದು ಕೇಳಿಸುವುದಿಲ್ಲ. ಪಕ್ಕದ ಕೋಣೆಯಲ್ಲಿದ್ದರೂ ನನಗೆ ಕೇಳಿಸುತ್ತದೆ.

ಇವತ್ತು ಬೆಳಿಗ್ಗೆ ಕಾಫಿಗೆ ಮುಂಚೆಯೇ ಬಟ್ಟಲು ಬರಿದಾಗಿತ್ತು. ತುಂಬಿಸಿ ಬಂದು ಅಕ್ಕನ ಎದುರು ನಿಂತು, ಅವಳಿಗೆ ಸ್ಪಷ್ಟವಾಗಿ ಕೇಳಿಸುವ ಹಾಗೆ ಹೇಳಿದೆ. ಅವಳು ಬೆಕ್ಕಿನ ಕಿವಿಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಜೀಪು ಇದೆಯಾ ಎಂದು ಕೇಳಲು ತಾನೇ ಮೆಟ್ಟಿಲಿಳಿದು ಹೋದಳು.